ದೇವರ ತೂಕ ಎಷ್ಟು

ಮಾವ ಬೇರೆಯವರ ಪರವಾಗಿ ನಡೆಯುತ್ತಾರೆ. ಅದು ಅವರ ಕಸುಬು. ಸಿನಿಮಾದಲ್ಲಿ ನಾಯಕ ಮೆಟ್ಟಿಲಿಳಿದು ಬರುವಾಗ ನಿಮಗೆ ಕೇಳಿಸುವುದು ನಾಯಕನ ಬೂಟಲ್ಲ. ಚಿತ್ರೀಕರಣ ಮುಗಿದು ಎರಡು ತಿಂಗಳಾದ ಮೇಲೆ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ, ಬನಿಯನ್ ತೊಟ್ಟು, ಪರದೆಯ ಮೇಲೆ ಕಣ್ಣಿಟ್ಟು, ನಿಂತಲ್ಲೇ ನಡೆಯುವ ನನ್ನ ಮಾವನ ಬೂಟು. ಮೂವತ್ತನಾಲ್ಕು ವರ್ಷಗಳಲ್ಲಿ ಅವರು ಮಂತ್ರಿಗಳಾಗಿ, ಕಳ್ಳರಾಗಿ, ತುಂಬು ಗರ್ಭಿಣಿಯಾಗಿ, ಎರಡು ಸಲ ಕುದುರೆಯಾಗಿ ನಡೆದಿದ್ದಾರೆ. ಗರ್ಭಿಣಿಯಾಗಿ ನಡೆದಾಗ ಅವರಿಗೆ ನಿಜವಾಗಿಯೂ ಸೊಂಟ ಹಿಡಿದುಕೊಂಡಿತ್ತು.

ಗಾಜಿನ ಈಚೆ ಕೂತು ಅದನ್ನೆಲ್ಲ ಧ್ವನಿಮುದ್ರಣ ಮಾಡುವವನು ನಾನು. ಮದುವೆಗೆ ಮುಂಚೆ ಅವರನ್ನು ಸರ್ ಅನ್ನುತ್ತಿದ್ದೆ. ಅವರ ಮಗಳನ್ನು ಮದುವೆಯಾದ ಮೇಲೆ ಮಾವ ಅನ್ನುತ್ತೇನೆ. ಆಗಲೂ ಈಗಲೂ ಅವರು ನನ್ನ ಮಾತು ಕೇಳುವುದಿಲ್ಲ.

ನಮ್ಮ ಸ್ಟುಡಿಯೋ ಮೂರನೇ ಮಹಡಿಯಲ್ಲಿದೆ. ಕೆಳಗೆ ಡ್ರೈವಿಂಗ್ ಸ್ಕೂಲು. ಕಲಿಯುವವರು ಕಾರನ್ನು ಹಿಂದಕ್ಕೆ ತೆಗೆಯುವಾಗ ಹಾರ್ನ್ ಒತ್ತಿಯೇ ಒತ್ತುತ್ತಾರೆ, ಆಗ ನಾವು ಕೆಲಸ ನಿಲ್ಲಿಸುತ್ತೇವೆ. ಮಾವನ ಕೋಣೆಯ ನೆಲದಲ್ಲಿ ಏಳು ಮರದ ತಟ್ಟೆಗಳಿವೆ: ಮರಳು, ಜಲ್ಲಿ, ಸಿಮೆಂಟು, ಹಲಗೆ, ಕೆಸರು, ಒಣಗಿದ ಎಲೆ, ಹುಲ್ಲು. ಹುಲ್ಲು ಅಂದರೆ ಹುಲ್ಲಲ್ಲ. ಹಳೆಯ ಕ್ಯಾಸೆಟ್ಟುಗಳ ಒಳಗಿನ ಟೇಪನ್ನು ಬಿಚ್ಚಿ ಗುಡ್ಡೆ ಹಾಕಿದ್ದು. ನಿಜವಾದ ಹುಲ್ಲಿಗಿಂತ ಅದೇ ಹೆಚ್ಚು ಹುಲ್ಲಿನ ಹಾಗೆ ಕೇಳಿಸುತ್ತದೆ. ಗೋಡೆಯುದ್ದಕ್ಕೂ ಐವತ್ತೆರಡು ಜೊತೆ ಚಪ್ಪಲಿ, ಬೂಟು, ಸ್ಯಾಂಡಲ್.

ಆ ದಿನ ಬೆಳಿಗ್ಗೆ ಸ್ಟುಡಿಯೋದ ಯಜಮಾನರು ಫೋನ್ ಮಾಡಿದರು. "ಐದು ಗಂಟೆಗೆ ಚರ್ಚಿನ ಸಮಿತಿ ಅಧ್ಯಕ್ಷೆ ಕೊನೇ ಸಹಿ ಹಾಕೋಕೆ ಬರ್ತಾರೆ. ಅಷ್ಟರೊಳಗೆ ನಿಮ್ಮ ಮಾವ ಆ ಹೆಜ್ಜೆ ಮುಗಿಸಿದ್ರೆ ಸರಿ. ಇಲ್ಲಾಂದ್ರೆ ಕಂಪ್ಯೂಟರಿಂದ ಒಂದು ಎತ್ತಿ ಹಾಕು. ಅದು ಪಾಸಾಯ್ತು ಅಂದ್ರೆ ಮುಂದಿನದಕ್ಕೆಲ್ಲ ಅದೇ ಸಾಕು. ಅವರನ್ನ ಮನೇಲಿ ಆರಾಮಾಗಿರೋಕೆ ಹೇಳು. ಹೇಗೂ ಮಂಡಿನೋವು."

ಕಂಪ್ಯೂಟರಿನಲ್ಲಿ ಯಜಮಾನರು ಹೊಸದಾಗಿ ತಂದು ಸುರಿದ ನಾನೂರು ಬಗೆಯ ಹೆಜ್ಜೆಗಳಿವೆ. 'ಗಂಡಸು, ಹುಲ್ಲು, ನಿಧಾನ' ಅಂತ ಹುಡುಕಿದರೆ ಹನ್ನೆರಡು ಸಿಗುತ್ತವೆ. ಅದರಲ್ಲಿ ಏಳನೆಯದನ್ನು ನಾನು ಬೆಳಿಗ್ಗೆಯೇ ತೆಗೆದು, ಯಾರಿಗೂ ಕಾಣದ ಹಾಗೆ ಕೆಳಗಿನ ಟ್ರ್ಯಾಕಿನಲ್ಲಿ ಇಟ್ಟುಬಿಟ್ಟಿದ್ದೆ. ಇದನ್ನು ಈವರೆಗೆ ಹೆಂಡತಿಗೂ ಹೇಳಿಲ್ಲ.

ಕೆಲಸ ಏನೆಂದರೆ, ಓದಲು ಕಣ್ಣು ಸಾಲದ ಹಿರಿಯರಿಗಾಗಿ ಒಂದು ಚರ್ಚಿನವರು ಪವಿತ್ರಗ್ರಂಥವನ್ನು ಧ್ವನಿಯಲ್ಲಿ ತರುತ್ತಿದ್ದರು. ಬರೀ ಓದಿದರೆ ಹಿರಿಯರು ನಿದ್ದೆ ಹೋಗುತ್ತಾರೆಂದು ನೀರು, ಗಾಳಿ, ಪ್ರಾಣಿಗಳ ಸದ್ದೆಲ್ಲ ಬೇಕಾಗಿತ್ತು. ಒಂದೊಂದು ಸದ್ದಿಗೂ ಸಹಿ ಹಾಕಲು ಒಬ್ಬ ಪಾಸ್ಟರನ್ನು ಕಳಿಸಿದ್ದರು. ಎತ್ತರದ, ತೆಳ್ಳಗಿನ ಮನುಷ್ಯ. ಹನ್ನೊಂದು ವರ್ಷ ಗುರುಗಳಾಗುವವರಿಗೇ ಪಾಠ ಹೇಳಿದವರು. ದೇವರಿಗೆ ಶರೀರವಿಲ್ಲ ಎಂಬುದು ಅವರ ಪಾಠ. ಪ್ರಾಯಶಃ ಅದಕ್ಕೇ ಅವರೂ ಶರೀರವನ್ನು ಆದಷ್ಟು ಕಡಿಮೆ ಇಟ್ಟುಕೊಂಡಿದ್ದರು.

ಮೊದಲ ಎರಡು ದಿನ ಎಲ್ಲ ಸಲೀಸು. ಸಮುದ್ರ ಪಾಸಾಯಿತು, ಹಕ್ಕಿಗಳು ಪಾಸಾದವು. ಹಾವಿಗೆ ಮಾವ ನೆನೆಸಿದ ಚರ್ಮದ ಬೆಲ್ಟನ್ನು ಹಲಗೆಯ ಮೇಲೆ ಎಳೆದರು, ಪಾಸ್ಟರ್ ಕಣ್ಣು ಮುಚ್ಚಿ "ಅದ್ಭುತ" ಅಂದರು. ಹಾವು ಒಂದೇ ಸಲಕ್ಕೆ ಪಾಸು. ಸಿಕ್ಕಿಹಾಕಿಕೊಂಡಿದ್ದು ದೇವರು.

ಹಾವಿನ ಮಾತು ಕೇಳಿ ತಿನ್ನಬಾರದ ಹಣ್ಣನ್ನು ಗಂಡ ಹೆಂಡತಿ ತಿಂದಿದ್ದಾರೆ. ಸಂಜೆ, ತಣ್ಣನೆ ಗಾಳಿ. ದೇವರು ತೋಟದಲ್ಲಿ ನಡೆದು ಬರುವ ಸಪ್ಪಳ ಕೇಳಿ ಇಬ್ಬರೂ ಮರಗಳ ಮರೆಯಲ್ಲಿ ಅಡಗಿಕೊಳ್ಳುತ್ತಾರೆ. ಗ್ರಂಥದಲ್ಲಿರುವುದು ಅಷ್ಟೇ. ನಮಗೆ ಬೇಕಾಗಿದ್ದದ್ದು ಹನ್ನೊಂದು ಹೆಜ್ಜೆ. ಆ ಹನ್ನೊಂದು ಹೆಜ್ಜೆಗೇ ಎರಡು ದಿನ ಹೋಗಿ, ಮೂರನೆಯದು ನಡೆಯುತ್ತಿತ್ತು.

ಮಾವನ ಕ್ರಮ ಹೀಗೆ. ಯಾರ ಪರವಾಗಿ ನಡೆಯಬೇಕಾದರೂ ಮೂರು ಪ್ರಶ್ನೆ ಕೇಳುತ್ತಾರೆ. ತೂಕ ಎಷ್ಟು, ಕಾಲಿಗೆ ಏನು ಹಾಕಿದ್ದಾರೆ, ಮನಸ್ಸಲ್ಲಿ ಏನಿಟ್ಟುಕೊಂಡು ಬರುತ್ತಿದ್ದಾರೆ. ಮೂರಕ್ಕೂ ಉತ್ತರ ಸಿಗದೆ ಕಾಲೆತ್ತುವುದಿಲ್ಲ. ಒಮ್ಮೆ ಒಬ್ಬ ದೊಡ್ಡ ನಿರ್ದೇಶಕ, "ಅವನು ಸುಮ್ನೆ ಬರ್ತಾನೆ ಕಣ್ರೀ" ಅಂದದ್ದಕ್ಕೆ, "ಸುಮ್ನೆ ಬರೋನು ಈ ಲೋಕದಲ್ಲಿ ಇಲ್ಲ" ಅಂತ ಮನೆಗೆ ಬಂದುಬಿಟ್ಟಿದ್ದರು.

"ತೂಕ?" ಅಂತ ಮಾವ ಹೆಜ್ಜೆಯ ಕೆಲಸದ ಮೊದಲ ದಿನವೇ ಕೇಳಿದ್ದರು.

"ಯಾರದು?" ಅಂದರು ಪಾಸ್ಟರ್.

"ನಡೆಯೋರದು."

ಪಾಸ್ಟರ್ ನನ್ನ ಮುಖ ನೋಡಿದರು. ನಾನು ಯಂತ್ರದ ಮುಖ ನೋಡಿದೆ.

"ದೇವರಿಗೆ ತೂಕ ಇಲ್ಲ."

"ಸರಿ. ಕಾಲಿಗೆ ಏನು?"

"ಕಾಲೇ ಇಲ್ಲ."

"ಮತ್ತೆ ನಡೆದಿದ್ದು?"

"ಅದು ಮನುಷ್ಯರ ಭಾಷೆ, ಅಣ್ಣಾ. ದೇವರ ಕೈ ಅಂತ ಬರುತ್ತೆ, ಕಣ್ಣು ಅಂತ ಬರುತ್ತೆ. ಮೂಗಿಂದ ಹೊಗೆ ಬಂತು ಅಂತಿದೆ. ಒಂದು ಕಡೆ ರೆಕ್ಕೆ ಕೂಡ ಇದೆ. ಹಾಗಂತ ದೇವರನ್ನ ಕೋಳಿ ಅನ್ನೋಕಾಗುತ್ತಾ?"

"ಕೋಳಿ ಆದ್ರೆ ನನಗೇನೂ ಕಷ್ಟ ಇಲ್ಲ," ಅಂದರು ಮಾವ. "ಕೋಳಿ ಮಾಡಿದೀನಿ."

ಅಲ್ಲಿಂದ ಶುರುವಾದದ್ದು ನಿಂತಿರಲಿಲ್ಲ. ಮಾವ ದಪ್ಪ ಅಟ್ಟೆಯ ಬೂಟಿನಲ್ಲಿ ಗಂಭೀರವಾಗಿ ನಡೆದರು. ಪಾಸ್ಟರ್, "ಇದು ಇನ್ಸ್‌ಪೆಕ್ಟರು" ಅಂದರು. ಬರಿಗಾಲಲ್ಲಿ ಹಗುರವಾಗಿ ನಡೆದರು. "ಇದು ಕಳ್ಳ." ಸ್ಯಾಂಡಲ್ಲಿನಲ್ಲಿ ನಡೆದರು. ಪಾಸ್ಟರ್ ಬಹಳ ಹೊತ್ತು ಯೋಚಿಸಿ, "ಇದು ಎಷ್ಟನೇ ನಂಬರಿನ ಸ್ಯಾಂಡಲ್?" ಅಂತ ಕೇಳಿದರು.

"ಒಂಬತ್ತು."

"ದೇವರಿಗೆ ಒಂಬತ್ತು ಅಂತ ನಾನು ಹೇಗೆ ಸಹಿ ಹಾಕಲಿ?"

"ಹಾಗಾದ್ರೆ ಹತ್ತು ತಗೊಳ್ಳಿ."

ಎರಡನೇ ದಿನ ಪಾಸ್ಟರೇ ಒಂದು ಉಪಾಯ ತಂದರು. ಹೆಜ್ಜೆಯೇ ಬೇಡ, ಎಲೆ ಅಲುಗಲಿ ಸಾಕು. ಮಾವ ಎಲೆಯ ತಟ್ಟೆಗೆ ಬೀಸಣಿಗೆಯಿಂದ ಬೀಸಿದರು. ಪಾಸ್ಟರಿಗೆ ಇಷ್ಟವಾಯಿತು, ಪೆನ್ನಿನ ಮುಚ್ಚಳವನ್ನೂ ತೆಗೆದರು. ಆದರೆ ಮಾವ ಬೀಸಣಿಗೆ ಕೆಳಗಿಟ್ಟು ತಾವೇ ತಲೆಯಾಡಿಸಿದರು.

"ಇದು ಗಾಳಿ. ಗಾಳಿಗೆ ಹೆದರಿ ಯಾರು ಮರದ ಹಿಂದೆ ಹೋಗ್ತಾರೆ? ನಡೆದು ಬಂದ್ರು ಅಂತ ಬರೆದೋರು ಗಾಳಿ ಬಂತು ಅಂತ ಬರೆಯೋಕೆ ಗೊತ್ತಿಲ್ಲದೆ ಹಾಗೆ ಬರೆದ್ರಾ? ಗಾಳಿನೂ ಅಲ್ಲೇ ಬರೆದಿದ್ದಾರಲ್ಲ, ಬೇರೆಯಾಗಿ."

ಪಾಸ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಪಾಸಾಗಿದ್ದ ಸದ್ದನ್ನು ಮಾಡಿದವನೇ ಫೇಲು ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಮಾವನ ಸಿಟ್ಟು ನನಗೆ ಗೊತ್ತು, ಹಟ ಗೊತ್ತು. ಆದರೆ ಕಂಪ್ಯೂಟರಿನಲ್ಲಿ ನಾನೂರು ಹೆಜ್ಜೆ ಬಂದು ಕೂತಿರುವಾಗಲೂ ಹೀಗೆ ಮಾಡಿಕೊಳ್ಳುವವರನ್ನು ಏನನ್ನಬೇಕೋ ಗೊತ್ತಿಲ್ಲ.

ಮೂರನೇ ದಿನ, ಅಂದರೆ ಯಜಮಾನರು ಫೋನ್ ಮಾಡಿದ ದಿನ, ಹನ್ನೊಂದು ಗಂಟೆಯ ಹೊತ್ತಿಗೆ ನಾನು ಮಾವನಿಗೆ ವಿಷಯ ಹೇಳಿದೆ. ಏಳನೇ ನಂಬರಿನದ್ದು ರೆಡಿ ಇದೆ ಅಂತ ಮಾತ್ರ ಹೇಳಲಿಲ್ಲ.

"ಯಾರ ಹೆಜ್ಜೆ ಅಂತೆ ಅದು, ಕಂಪ್ಯೂಟರಲ್ಲಿರೋದು?" ಅಂತ ಕೇಳಿದರು.

"ಯಾರದ್ದೂ ಅಲ್ಲ ಮಾವ."

"ಯಾರೋ ಒಬ್ಬ ನಡೆದಿರಬೇಕಲ್ಲ."

"ಹೆಸರಿಲ್ಲ. 'ಗಂಡಸು, ಹುಲ್ಲು, ನಿಧಾನ' ಅಂತಿದೆ."

"ಪಾಪ," ಅಂದರು. ಆಮೇಲೆ ಮಂಡಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು. "ನಾನು ಮನೇಲಿ ಕೂತು ಏನು ಮಾಡ್ಲಿ, ಅಳಿಯಂದ್ರೇ? ಮನೇಲಿ ನಡೆದ್ರೆ ನಿಮ್ಮತ್ತೆ, 'ಸದ್ದು ಮಾಡಬೇಡಿ, ಮೊಮ್ಮಗು ಮಲಗಿದೆ' ಅಂತಾಳೆ."

ಒಂದು ಗಂಟೆಗೆ ಟೀ ಬಂತು. ಕೋಣೆಯ ದಪ್ಪ ಬಾಗಿಲನ್ನು ಗಾಳಿಯಾಡಲೆಂದು ತೆರೆದಿಟ್ಟು ಮೂವರೂ ಕೂತೆವು. ಮಾವ ಸೈನಿಕರ ಬೂಟಿನ ಒಳಗಿಂದ ಒಂದು ಕ್ರೀಮ್ ಬಿಸ್ಕತ್ತಿನ ಪ್ಯಾಕೆಟ್ ತೆಗೆದರು. ಅವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಕ್ರೀಮ್ ಬಿಸ್ಕತ್ತಿನ ಕಡೆ ಕಣ್ಣೆತ್ತಿಯೂ ನೋಡಬಾರದು ಅಂದಿದ್ದಾರೆ. ಅದಕ್ಕೇ ಮಾವ ನೋಡದೆ ತಿನ್ನುತ್ತಾರೆ. ನನಗೊಂದು ಕೊಟ್ಟರು, ಪಾಸ್ಟರಿಗೆ ಎರಡು ಕೊಟ್ಟರು.

ಆಗ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು.

ಅವಸರವಿಲ್ಲ. ಒಂದೊಂದೇ ಮೆಟ್ಟಿಲು, ಒಂದೇ ಅಳತೆ. ಜೋರೂ ಅಲ್ಲ, ಮೆತ್ತಗೂ ಅಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಹೆಜ್ಜೆ ನಿಂತಿತು. ಮತ್ತೆ ಹೊರಟಿತು.

ಮಾವ ಪ್ಯಾಕೆಟ್ಟನ್ನು ಬೂಟಿಗೆ ತುರುಕಿ ಬೂಟನ್ನು ಗೋಡೆಗೆ ತಿರುಗಿಸಿದರು. ನಾನು ನನ್ನ ಬಿಸ್ಕತ್ತನ್ನು ಹೆಡ್‌ಫೋನಿನ ಕೆಳಗೆ ಇಟ್ಟೆ. ನನಗೆ ಯಾವ ಕಾಯಿಲೆಯೂ ಇಲ್ಲ. ಹಾಗೆ ನೋಡಿದರೆ ಪಾಸ್ಟರಿಗೂ ಇಲ್ಲ. ಆದರೆ ಅವರು ಎರಡೂ ಬಿಸ್ಕತ್ತನ್ನು ತಮ್ಮ ಡೈರಿಯೊಳಗೆ ಇಟ್ಟು ಮುಚ್ಚಿ, ಅದರ ಮೇಲೆ ಕೈಯಿಟ್ಟು, ಗೋಡೆ ನೋಡುತ್ತಾ ಕೂತಿದ್ದರು.

ಮಾವ ಅವರನ್ನು ದಿಟ್ಟಿಸಿದರು. "ನೀವ್ಯಾಕೆ ಬಚ್ಚಿಟ್ರಿ?"

ಪಾಸ್ಟರ್ ಡೈರಿ ನೋಡಿಕೊಂಡರು. "ಗೊತ್ತಿಲ್ಲ. ಗೊತ್ತಿರೋರು ಯಾರೋ ಬಂದ ಹಾಗಿತ್ತು."

"ನಿಮಗೆ ಅವಳು ಗೊತ್ತೇ ಇಲ್ಲ."

"ಗೊತ್ತಿಲ್ಲ. ಯಾರು?"

"ಎಲ್ಲಿದೀರಾ?" ಅನ್ನುತ್ತಾ ಅತ್ತೆ ಬಂದರು. ಕೈಯಲ್ಲಿ ಊಟದ ಡಬ್ಬಿ. ಎಲ್ಲರನ್ನೂ ಒಂದು ಸುತ್ತು ನೋಡಿದರು. ಬೂಟಿನ ಕಡೆ ನೋಡಲೇ ಇಲ್ಲ. "ಮೊನ್ನೆ ರಕ್ತ ಕೊಟ್ಟು ಬಂದ್ರಲ್ಲ, ರಿಪೋರ್ಟಲ್ಲಿ ಸಕ್ಕರೆ ಎಷ್ಟಿತ್ತು?" ಅಂತ ಮಾತ್ರ ಕೇಳಿದರು.

ಮಾವನ ಕಿವಿ ನೆಟ್ಟಗಾಗಿತ್ತು. ಪಾಸ್ಟರ್ ಕಡೆ ತಿರುಗಿ ಮೆಲ್ಲನೆ, "ಸಿಕ್ತು" ಅಂದರು.

ಮೊದಲು ಅತ್ತೆಯನ್ನೇ ನಡೆಸಿ ನೋಡಿದೆವು. ಹುಲ್ಲಿನ ತಟ್ಟೆಯ ಮೇಲೆ ನಿಲ್ಲಿಸಿ, "ಸುಮ್ನೆ ನಡಿ" ಅಂದರು ಮಾವ. ಅತ್ತೆ ಸೆರಗು ಸರಿಮಾಡಿಕೊಂಡು, ಬಹುಮಾನ ತೆಗೆದುಕೊಳ್ಳಲು ವೇದಿಕೆಗೆ ಹೋಗುವ ಶಾಲೆಯ ಹುಡುಗಿಯ ಹಾಗೆ ಎಣಿಸಿ ಎಣಿಸಿ ಕಾಲಿಟ್ಟರು.

"ಹಾಗಲ್ಲ. ಮೆಟ್ಟಿಲು ಹತ್ತಿ ಬಂದೆಯಲ್ಲ, ಹಾಗೆ."

"ಹಾಗೇ ನಡೀತಿದೀನಿ. ಯಾರಿಗೋಸ್ಕರ ಇದು?"

"ದೇವರಿಗೆ."

ಅತ್ತೆ ತಟಕ್ಕನೆ ಚಪ್ಪಲಿ ಬಿಟ್ಟು ತಟ್ಟೆಯಿಂದ ಇಳಿದರು. "ಮೊದಲೇ ಹೇಳಬಾರದಾ? ತಲೆ ಬಾಚಿಕೊಂಡಾದ್ರೂ ಬರ್ತಿದ್ದೆ." ಆಮೇಲೆ ಏನು ಮಾಡಿದರೂ ಹತ್ತಲಿಲ್ಲ.

"ಅಣ್ಣಾ, ಒಂದು ಮಾತು," ಅಂದರು ಪಾಸ್ಟರ್. "ಅಮ್ಮನವರ ಬಗ್ಗೆ ಗೌರವ ಇದೆ. ಆದ್ರೆ ಹೆಂಗಸಿನ ನಡಿಗೆ ಅಂದ್ರೆ ಸಮಿತಿಯವರು..."

"ಗಂಡಸಲ್ಲ ಅಂತ ಮೂರು ದಿನದಿಂದ ನೀವೇ ಹೇಳ್ತಿದೀರಿ."

ತಮ್ಮದೇ ಪಾಠಕ್ಕೆ ತಾವೇ ಸಿಕ್ಕಿಬಿದ್ದ ಮೇಷ್ಟರಿಗೆ ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ.

ಮಾವನೇ ತಟ್ಟೆ ಹತ್ತಿದರು. ಅತ್ತೆಯ ಚಪ್ಪಲಿಯಲ್ಲಿ ಅವರ ಪಾದ ಅರ್ಧವೂ ಹಿಡಿಯಲಿಲ್ಲ, ಅದಕ್ಕೆ ಬರಿಗಾಲು. ನಾನು ಕೆಂಪು ದೀಪ ಹಾಕಿದೆ. ಮಾವ ಒಂದು ಕಾಲೆತ್ತಿದರು. ಎತ್ತಿದ ಕಾಲು ಹಾಗೇ ನಿಂತಿತು. ಐದು ಸೆಕೆಂಡು. ಹತ್ತು. ಇಳಿಯಲಿಲ್ಲ.

"ಮಂಡಿನಾ ಮಾವ?" ಅಂತ ಮೈಕಿನಲ್ಲಿ ಕೇಳಿದೆ.

"ಅಲ್ಲ." ಕಾಲನ್ನು ಪಕ್ಕಕ್ಕೆ ಇಟ್ಟರು. "ತೂಕ ನಂಗೊತ್ತು, ಹೇಳೋದಿಲ್ಲ. ಕಾಲಿಗೆ ಏನು ಹಾಕ್ತಾಳೆ, ಗೊತ್ತು. ಮೂರನೇದು ಗೊತ್ತಿಲ್ಲ."

ಗಾಜಿನ ಆಚೆ ಅವರ ಮುಖ ನನಗೆ ಕಾಣುತ್ತಿತ್ತು. ಮಂತ್ರಿಯ ಮನಸ್ಸಿನಲ್ಲಿ ಏನಿದೆ, ಕುದುರೆಯ ಮನಸ್ಸಿನಲ್ಲಿ ಏನಿದೆ ಅಂತ ಹೇಳಬಲ್ಲ ಮನುಷ್ಯ. ಮದುವೆಯಾಗಿ ಮೂವತ್ತಾರು ವರ್ಷ. ಪ್ರತಿದಿನ ಕೇಳಿಸಿಕೊಂಡ ಹೆಜ್ಜೆ. ಅವರಿಗೆ ನಾಚಿಕೆಯಾಗಿತ್ತು ಅಂತ ನನಗನ್ನಿಸಿತು. ಹೊರಗೆ ಡ್ರೈವಿಂಗ್ ಸ್ಕೂಲಿನ ಕಾರು ಹಿಂದಕ್ಕೆ ಹೋಗುತ್ತಾ ಹಾರ್ನ್ ಮಾಡಿತು, ನಾವೆಲ್ಲ ಅದು ಮುಗಿಯುವವರೆಗೆ ಕಾದೆವು. ಗಂಟೆ ಎರಡೂವರೆ ದಾಟಿತ್ತು.

ಮಾವ ಬಾಗಿಲು ತೆರೆದು ತಲೆ ಹೊರಗೆ ಹಾಕಿದರು. "ಇವಳೇ, ಮೆಟ್ಟಿಲು ಹತ್ತಿ ಬರುವಾಗ ನಿನ್ನ ಮನಸ್ಸಲ್ಲಿ ಏನಿರುತ್ತೆ?"

"ಇದೆಂಥ ಪ್ರಶ್ನೆ? ಊಟ ಆರಿ ಹೋಗುತ್ತೆ ಅಂತ ಇರುತ್ತೆ."

"ಅದಲ್ಲ. ತಿರುವಲ್ಲಿ ನಿಲ್ತೀಯಲ್ಲ. ಯಾಕೆ? ಸುಸ್ತಾ?"

"ನನಗೆಂಥ ಸುಸ್ತು?" ಅತ್ತೆ ಡಬ್ಬಿಯ ಮುಚ್ಚಳಗಳನ್ನು ಒಂದೊಂದಾಗಿ ತೆಗೆದಿಡುತ್ತಿದ್ದರು. "ನಿಮಗೆ ಕೇಳಿಸ್ಲಿ ಅಂತ ನಿಲ್ತೀನಿ. ಬಾಯಲ್ಲಿರೋದನ್ನ ನುಂಗೋಕೆ, ಕೈಯಲ್ಲಿರೋದನ್ನ ಬೂಟಿಗೆ ಹಾಕೋಕೆ ಹೊತ್ತು ಬೇಡವಾ? ಎದುರೆದುರೇ ಸಿಕ್ಕಿಬಿದ್ರೆ ನಿಮಗೆ ಅವಮಾನ. ಅದೂ ಅಳಿಯಂದ್ರ ಮುಂದೆ."

ನಾನು ಹೆಡ್‌ಫೋನ್ ಎತ್ತಿ ನನ್ನ ಬಿಸ್ಕತ್ತನ್ನು ಮೇಜಿನ ಮೇಲೆ ಇಟ್ಟೆ.

"ಎಲ್ಲಿದೀರಾ ಅಂತ ಬೇರೆ ಕೇಳ್ತೀಯಲ್ಲ," ಅಂದರು ಮಾವ. "ಎಲ್ಲಿರ್ತೀನಿ ಅಂತ ಗೊತ್ತಿರಲ್ವಾ?"

"ಗೊತ್ತಿರುತ್ತೆ. ಆದ್ರೂ ಕೇಳ್ತಾರಪ್ಪ."

ಪಾಸ್ಟರ್ ಗ್ರಂಥ ತೆರೆದಿದ್ದರು. ಅವರ ಬೆರಳು ಆ ಇಬ್ಬರು ಮರದ ಮರೆಗೆ ಹೋಗುವ ಸಾಲಿನಿಂದ ಮುಂದಿನ ಸಾಲಿಗೆ ಇಳಿಯಿತು. ಅಲ್ಲಿ ದೇವರು ಕೇಳುವುದೂ ಅದನ್ನೇ, ಎಲ್ಲಿದ್ದೀಯ ಅಂತ. ಹನ್ನೊಂದು ವರ್ಷ ಆ ಸಾಲಿಗೆ ಅವರು ಏನೇನು ವ್ಯಾಖ್ಯಾನ ಹೇಳಿದ್ದರೋ. ಈಗ ಬೆರಳನ್ನು ಅಲ್ಲೇ ಇಟ್ಟುಕೊಂಡು, "ಸಪ್ಪಳ ಮಾಡಲೇಬೇಕು ಅಂತೇನೂ ಇರಲಿಲ್ಲ ಅವರಿಗೆ," ಅಂತ ತಮಗೆ ತಾವೇ ಹೇಳಿಕೊಂಡರು. "ಕಾಲೇ ಇಲ್ಲದೋರು."

"ಊಟ ಮಾಡಿ ನೀವೂ," ಅಂದರು ಅತ್ತೆ. "ಗಾಳಿ ಬಂದ್ರೆ ಹಾರಿ ಹೋಗೋ ಹಾಗಿದೀರಿ."

ಊಟವಾದ ಮೇಲೆ ಮಾವ ನಡೆದರು. ಮೊದಲ ಸಲ ಒಂಬತ್ತನೇ ಹೆಜ್ಜೆಗೆ ಹಾರ್ನ್ ಬಂತು. ಎರಡನೇ ಸಲ ಅವರೇ ಬೇಡ ಅಂದರು. ಮೂರನೇ ಸಲ ಆರು ಹೆಜ್ಜೆ ಇಟ್ಟು ನಿಂತರು. ಎಷ್ಟು ಹೊತ್ತು ನಿಂತರೆಂದರೆ ಯಂತ್ರ ನಿಂತುಹೋಯಿತೇನೋ ಅಂತ ನಾನು ಬಗ್ಗಿ ನೋಡಿದೆ. ಆಮೇಲೆ ಐದು ಹೆಜ್ಜೆ. ಹೊರಗೆ ಬಂದಾಗ ಅವರ ಹಣೆ ಬೆವೆತಿತ್ತು. "ಮುಗೀತು" ಅಂದರು. ನಾನು ಎಂದಿನಂತೆ ಅಭಿಪ್ರಾಯ ಹೇಳಲು ಬಾಯಿ ತೆರೆದೆ, ಅವರು ಎಂದಿನಂತೆ ಕೇಳಿಸಿಕೊಳ್ಳದೆ ಹೋಗಿ ಕೂತರು.

ಐದಕ್ಕೆ ಸರಿಯಾಗಿ ಅಧ್ಯಕ್ಷೆ ಬಂದರು. ಅವರು ದಂತವೈದ್ಯೆ. ಕೂತ ಕೂಡಲೇ ಎಲ್ಲರ ಬಾಯಿಯನ್ನೂ ಒಮ್ಮೆ ನೋಡಿದರು. ಮಾವನ ಕೆಲಸ ಅವರ ಒಂದು ಸಹಿಯಲ್ಲಿದೆ ಎಂದು ಕೋಣೆಯಲ್ಲಿ ಅವರೊಬ್ಬರಿಗೇ ಗೊತ್ತಿರಲಿಲ್ಲ. ನಾನು ಧ್ವನಿ ಬಿಟ್ಟೆ. ಸಂಜೆಯ ಗಾಳಿ, ದೂರದ ಹಕ್ಕಿ, ಹುಲ್ಲಿನ ಮೇಲೆ ಆರು ಹೆಜ್ಜೆ. ನಿಲುಗಡೆ. ಐದು ಹೆಜ್ಜೆ.

"ಇನ್ನೊಂದ್ಸಲ ಹಾಕಿ," ಅಂದರು. ಹಾಕಿದೆ.

"ಇದರಲ್ಲಿ ಕಾಲಿದೆ," ಅಂದರು ಅಧ್ಯಕ್ಷೆ.

ಮಾವ ನೆಲ ನೋಡುತ್ತಿದ್ದರು. ನನ್ನ ಕೈ ಕೆಳಗಿನ ಟ್ರ್ಯಾಕಿನ ಕಡೆ ಹೋಯಿತು.

"ಮೊದಲ ಸಭೆಯಲ್ಲಿ ನೀವೇ ಎದ್ದು ನಿಂತು ಹೇಳಿದ್ರಿ ಪಾಸ್ಟರ್, ದೇವರಿಗೆ ಶರೀರ ಇದೆ ಅನ್ನೋ ಭಾವನೆ ಬರೋದೇನೂ ಇರಬಾರದು ಅಂತ. ಮುಕ್ಕಾಲು ಗಂಟೆ ಹೇಳಿದ್ರಿ. ಈಗ ದೇವರಿಗೆ ಕಾಲಿದೆಯಾ?"

ಪಾಸ್ಟರ್ ಎದ್ದು ನಿಂತರು. ಇವರು ಮತ್ತೆ ಮುಕ್ಕಾಲು ಗಂಟೆ ಹಿಡಿಯುತ್ತಾರೆ ಅಂದುಕೊಂಡೆ.

"ಇಲ್ಲ, ಡಾಕ್ಟ್ರೇ. ಕಾಲಿಲ್ಲ. ಆದ್ರೆ ಕೇಳ್ತಿರೋ ಆ ಇಬ್ಬರಿಗೆ ಕಿವಿ ಇದೆ." ಕೂತರು. ಮತ್ತೆ ಅರ್ಧ ಎದ್ದು, "ಅಷ್ಟೇ" ಅಂದರು.

"ಮಧ್ಯೆ ನಿಂತಿದ್ದು ಯಾಕೆ?"

"ಅವರು ಬಚ್ಚಿಟ್ಟುಕೊಳ್ಳೋಕೆ ಸ್ವಲ್ಪ ಹೊತ್ತು ಕೊಡೋದಕ್ಕೆ."

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದೇನೂ ಅದರ ಮೇಲೆ ಇರಲಿಲ್ಲ. "ನಾನು ಸೂಜಿ ತಗೊಳ್ಳೋ ಮುಂಚೆ ಟ್ರೇಯನ್ನ ಒಂದ್ಸಲ ಬೇಕಂತಲೇ ಸದ್ದು ಮಾಡಿಸ್ತೀನಿ," ಅಂದರು. "ಇಲ್ಲಾಂದ್ರೆ ರೋಗಿಗಳು ತುಂಬ ಹೆದರಿಬಿಡ್ತಾರೆ. ಪೆನ್ ಕೊಡಿ."

ಸಹಿ ಬಿತ್ತು. ನಾನು ಕೆಳಗಿನ ಟ್ರ್ಯಾಕಿನಿಂದ ಏಳನೆಯದನ್ನು ಅಳಿಸಿಬಿಟ್ಟೆ. ಮಾವ ಅಧ್ಯಕ್ಷೆ ಮೆಟ್ಟಿಲಿಳಿದು ಹೋಗುವುದನ್ನು ಪೂರ್ತಿ ಕೇಳಿಸಿಕೊಂಡು, "ಎಡಗಾಲಿನ ಚಪ್ಪಲಿ ಬಿಗಿ ಆಗಿದೆ ಅವರಿಗೆ," ಅಂದರು. ಸಂತೋಷವಾದಾಗ ಅವರು ಹೀಗೇ ಏನಾದರೂ ಹೇಳುತ್ತಾರೆ.

"ಮುಂದಿನದೇನು?" ಅಂತ ಕೇಳಿದರು.

ಪಾಸ್ಟರ್ ಪಟ್ಟಿ ನೋಡಿದರು. ಅವರ ಮುಖ ಇಳಿಯಿತು. "ಪ್ರಳಯ. ಮುದುಕ, ಅವನ ಮನೆಯವರು, ಪ್ರಾಣಿಗಳು ಎಲ್ಲ ಹಡಗಿನೊಳಗೆ ಹೋದ ಮೇಲೆ, ದೇವರು ಬಾಗಿಲು ಹಾಕ್ತಾರೆ."

"ಯಾವ ಕಡೆಯಿಂದ?"

"ಹೊರಗಿನಿಂದ." ನಿಟ್ಟುಸಿರು ಬಿಟ್ಟರು. "ಕೈ ಇಲ್ಲ, ಅಣ್ಣಾ. ಮೊದಲೇ ಹೇಳ್ತೀನಿ."

ಮಾವ ಆಗಲೇ ಎದ್ದಿದ್ದರು. ಸ್ಟುಡಿಯೋದ ಬಾಗಿಲಿಗೆ ಸದ್ದು ಸಾಲದೆಂದು ಕಾರಿಡಾರಿನ ಕೊನೆಯ ಹಳೆಯ ಉಗ್ರಾಣದ ಮರದ ಬಾಗಿಲನ್ನು ಎರಡು ಸಲ ಬಡಿದು ನೋಡಿದರು, ಅದು ಹಿಡಿಸಿತು. ಅತ್ತೆಯನ್ನೂ ನನ್ನನ್ನೂ ಮೈಕು ಹಿಡಿಸಿ ಒಳಗೆ ಕರೆದುಕೊಂಡರು. ಮುರಿದ ಕುರ್ಚಿಗಳ ನಡುವೆ ಮೂವರೂ ಒತ್ತಿಕೊಂಡು ನಿಂತೆವು.

"ನೀವು ಹಾಕಿ," ಅಂತ ಪಾಸ್ಟರಿಗೆ ಹೇಳಿದರು.

"ನಾನಾ?"

"ನಾನು ಒಳಗಿರಬೇಕಲ್ಲ, ಕೇಳೋಕೆ."

ಪಾಸ್ಟರ್ ಹೊರಗೆ ನಿಂತು ತಮ್ಮ ಎರಡೂ ಕೈ ನೋಡಿಕೊಂಡರು. ಆಮೇಲೆ ಬಾಗಿಲನ್ನು ಬಹಳ ವಿನಯದಿಂದ ತಳ್ಳಿದರು. ಅದು ಚೌಕಟ್ಟಿಗೆ ತಾಗಿತೋ ಇಲ್ಲವೋ ತಿಳಿಯಲಿಲ್ಲ.

"ಇನ್ನೊಂದ್ಸಲ," ಅಂದರು ಮಾವ ಕತ್ತಲೆಯಿಂದ. "ಮಗು ಎದ್ದೀತು ಅಂತ ಹಾಕ್ತಿರೋದಲ್ಲ, ಪಾಸ್ಟರೇ. ಒಳಗಿರೋರು ಮುಳುಗಬಾರದು ಅಂತ."